ನಡುಮನೆಯ ಸರತಿ ಸಾಲು

೧೯೯೮ನೇ ಇಸವಿ ಮಾರ್ಚ್ ೧೯, ಗುರುವಾರ. ನನ್ನ ದಿನಚರಿಯಲ್ಲಿ ಹೀಗಿದೆ: "ಇಂದಿನಿಂದ ಹಚಿಯಾ ರಾಮೆನ್ ಅಂಗಡಿಯ ಸರತಿ ಸಾಲು ನಮ್ಮ ನಡುಮನೆಯ ಮೂಲಕ ಹಾದುಹೋಗತಕ್ಕದ್ದು."

ಅಂಗಡಿ ನಮ್ಮ ಹಿತ್ತಿಲಿಗೆ ಅಂಟಿಕೊಂಡಿದೆ. ಉತ್ತರ ಜಪಾನಿನ ನಮ್ಮ ಹಾಕೊದಾತೆಯಲ್ಲಿ ಆ ವರ್ಷ ಹಿಮ ಕರಗಲು ತಡವಾಯಿತು. ಓಣಿಯಲ್ಲಿ ಜನ ನಿಲ್ಲಲು ಜಾಗವಿರಲಿಲ್ಲ. ಬೀದಿ ಸಂಘದ ಸುತ್ತೋಲೆ ಮನೆಯಿಂದ ಮನೆಗೆ ಸಾಗಿ, ಸಹಿಯ ಬದಲು ಎಲ್ಲರ ಹೆಸರಿನ ಮೊಹರು ಬಿದ್ದ ಮೇಲೆ ಕೊನೆಗೆ ನಮಗೆ ತಲುಪಿತು. ಹಾಗಾಗಿ ನಮ್ಮ ಒಪ್ಪಿಗೆಯೂ ಇದೆಯೆಂದೇ ಲೆಕ್ಕ. ಗಿರಾಕಿಗಳು ಮುಂಬಾಗಿಲಲ್ಲಿ ಬೂಟು ಕಳಚಿ, ಕೈಯಲ್ಲಿ ಹಿಡಿದು, ಹಿರಿಯರ ಗೂಡಿಗೆ ತಲೆಬಾಗಿ, ಹಿಂಬಾಗಿಲಲ್ಲಿ ಮತ್ತೆ ಹಾಕಿಕೊಳ್ಳುತ್ತಿದ್ದರು. ಶಿಸ್ತಿನ ಜನ.

ತೊಂದರೆಯಾದದ್ದು ನನ್ನ ಗಂಡ ತೊಕುಜಿಯವರಿಗೆ. ಮೂತ್ರಪಿಂಡ ಸೋಲುತ್ತಿದೆ, ಏಪ್ರಿಲ್ ಒಂದರಿಂದ ಉಪ್ಪುಸಾರು ಕುಡಿಯಕೂಡದು ಎಂದು ಡಾಕ್ಟರ್ ಮಿಕಾಮಿ ಬರೆದುಕೊಟ್ಟಿದ್ದರು. ಅಷ್ಟರೊಳಗೆ ಹಚಿಯಾ ಅಂಗಡಿಯ ರಾಮೆನ್, ಆ ಉಪ್ಪುಸಾರಿನ ಶಾವಿಗೆ, ಒಮ್ಮೆ ತಿನ್ನಬೇಕೆಂಬುದು ಇವರ ಆಸೆ. ಆದರೆ ಸುತ್ತೋಲೆಯ ನಿಯಮ ನಾಲ್ಕರ ಪ್ರಕಾರ, ಸಾಲು ಹಾಯುವ ಮನೆಯವರು ನಡುವೆ ನುಸುಳುವಂತಿಲ್ಲ. ಸಾಲಿನ ಬಾಲ ಅಂಚೆ ಕಚೇರಿಯ ಬಳಿ ಇತ್ತು.

ಮಾರ್ಚ್ ೩೧ರ ಬೆಳಗ್ಗೆ ಮನೆ ಬಿಟ್ಟು ಹೋದವರು, ಒಂದೂವರೆ ಗಂಟೆ ಹಿಮದಲ್ಲಿ ನಿಂತು, ಬೂಟು ಹಿಡಿದುಕೊಂಡು ನಮ್ಮ ನಡುಮನೆಗೆ ಬಂದರು.

"ಬನ್ನಿ, ಒಂದ್ಗಳಿಗೆ ಕೂತ್ಕೊಳ್ಳಿ," ಎಂದೆ.

"ಕೂತ್ರೆ ಜಾಗ ಹೋಗತ್ತೆ ಕಣೇ."

"ರೀ, ಇದು ನಿಮ್ಮದೇ ಮನೆ!"

"ಮೆಲ್ಲಗ್ ಮಾತಾಡು. ಹಿಂದಿನೋರಿಗೆ ಕೇಳಿಸಿದ್ರೆ ವಶೀಲಿ ಅಂತಾರೆ."

ಸ್ವಲ್ಪ ಹೊತ್ತಿಗೆ ಸಾಲಿನಲ್ಲಿ ಬಾಯಿಂದ ಬಾಯಿಗೆ ಸುದ್ದಿ ಬಂತು. ಇವರು ಅಂಗಡಿಯೊಳಗೆ ಕೂತಿದ್ದಾರೆ, ಬಟ್ಟಲು ಮುಂದಿದೆ. ಆದರೆ ಸಾಲು ಹಾಯುವ ಮನೆಯವರು 'ನನಗೆ ಯಾವ ವಿಶೇಷ ಸೌಲಭ್ಯವೂ ಸಿಕ್ಕಿಲ್ಲ' ಎಂಬ ಪತ್ರಕ್ಕೆ ಮೊಹರು ಹಾಕದೆ ಊಟದ ಕಡ್ಡಿ ಎತ್ತುವಂತಿಲ್ಲ. ಮೊಹರು ನನ್ನ ಮೇಜಿನ ಖಾನೆಯಲ್ಲಿತ್ತು. ತೆಗೆದುಕೊಂಡು ಹಿಂಬಾಗಿಲಿಗೆ ಹೋದರೆ ಸಂಘದ ಅಧ್ಯಕ್ಷ ಕುಡೊ ಅಡ್ಡ ನಿಂತ.

"ಅಮ್ಮಾ, ಸಾಲು!"

"ನಾನೇನ್ ತಿನ್ನೋಕ್ ಬಂದಿಲ್ಲಪ್ಪಾ. ಮೊಹರು ಕೊಡೋಕೆ."

"ಮೊಹರಿಗೂ ಸರತಿ ಇದೆ. ಕಾಲೇಜು ಓದಿದೋರಿಗೆ ನಾನ್ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಅಂಚೆ ಕಚೇರಿಗೆ ನಡೆದೆ.

ಸಾಲು ಹಿಡಿದು ನಾನು ಅಂಗಡಿ ತಲುಪುವಾಗ ನೂರ ಹತ್ತು ನಿಮಿಷ ಕಳೆದಿತ್ತು. ಶಾವಿಗೆ ಸಾರನ್ನೆಲ್ಲ ಕುಡಿದು, ಉಬ್ಬಿ, ಬಟ್ಟಲಿನ ಅಂಚು ದಾಟಿತ್ತು. ತೊಕುಜಿ ಕೈಕಟ್ಟಿ ಕೂತಿದ್ದರು. ಮೊಹರು ಬಿತ್ತು. ಒಂದು ತುತ್ತು ತಿಂದು ಕಣ್ಣು ಮುಚ್ಚಿದರು.

"ಹತ್ತಿ ಹಾಸಿಗೆ ತಿಂದಂಗಿದೆ. ಆದ್ರೆ ಆ ಉಪ್ಪು... ಆಹಾ!"

ಆಗಷ್ಟೇ ತಮ್ಮ ಸರತಿ ಬಂದು ಪಕ್ಕದಲ್ಲಿ ಕೂತಿದ್ದ ಡಾಕ್ಟರ್ ಮಿಕಾಮಿ ಕಡ್ಡಿಯಿಂದ ಬಟ್ಟಲಿನ ತಳ ಮುಟ್ಟಿ ನೋಡಿದರು.

"ಸಾರೇ ಇಲ್ವಲ್ಲ. ಕುಡಿಯೋ ಪ್ರಶ್ನೆ ಎಲ್ಲಿ ಬಂತು? ನಾಳೆಯಿಂದ್ಲೂ ತಿನ್ನಿ," ಎಂದು ಅವರೂ ಮೊಹರು ಹಾಕಿದರು.

ಏಪ್ರಿಲ್ ಒಂದರ ಸುತ್ತೋಲೆ: ಬಡಿಸಿದ ರಾಮೆನ್ ನೂರ ಹತ್ತು ನಿಮಿಷ ಕಾದ ನಂತರವೇ ತಿನ್ನತಕ್ಕದ್ದು. ಕಾಯುವ ಸ್ಥಳ, ನಮ್ಮ ನಡುಮನೆ. ಆರೋಗ್ಯಕ್ಕೆ ಒಳ್ಳೆಯದೆಂದು ಬೀದಿಯವರೆಲ್ಲ ಒಪ್ಪಿದರು. ತೊಕುಜಿ ದಿನವೂ ತಿಂದರು.

ಎರಡು ವರ್ಷದ ವೆಚ್ಚ: ಬಟ್ಟಲಿಗೆ ಆರುನೂರೈವತ್ತು ಯೆನ್, ಹೊಸ ಚಾಪೆ ಎಂಟು, ಮೂತ್ರಪಿಂಡ ಎರಡು. ಈಗ ಅವರು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲೂ ಸಾಲಿದೆ, ಆದರೆ ಕೂರಬಹುದು.