ಚೌಕಾಶಿಗೆ ಬಗ್ಗದ ಗುಳಿಗೆ

ಒಂದು ತಿಂಗಳ ಬಿ.ಪಿ. ಗುಳಿಗೆಗೆ ಹದಿನೆಂಟು ರೂಪಾಯಿ ಬಿತ್ತು. ಜೊತೆಗೆ ನನ್ನ ಹೆಸರೂ ಹೋಯಿತು. ಬರೀ ಹದಿನೆಂಟು ಏಕೆಂದರೆ ಅದು ಸರ್ಕಾರದ ರಿಯಾಯಿತಿ ಔಷಧಿ ಅಂಗಡಿ. ಹೆಸರು ಹೋದದ್ದು ಏಕೆಂದರೆ ಅಲ್ಲಿಯೂ ನಾನು ಚೌಕಾಶಿಗೆ ಇಳಿದೆ. ಭಾತಂಬ್ರಾದಿಂದ ಸೈಕಲ್ ಮೇಲೆ ಸ್ಟೀಲ್ ಪಾತ್ರೆ ಹೇರಿಕೊಂಡು ಹೊರಟು ಬೀದರದಲ್ಲಿ ಸ್ವಂತ ಅಂಗಡಿ ಇಟ್ಟವನು ನಾನು. ಮಗಳ ಮದುವೆಗೆ ಭಾಲ್ಕಿಯಲ್ಲಿ ಜವಳಿ ತೆಗೆದಾಗ ಅಂಗಡಿಯವ ಸೋತು ಚಹಾ ತರಿಸಿದ. ಆ ಚಹಾ ಕುಡಿಯುತ್ತಲೇ ಒಂದು ಕುಪ್ಪಸದ ಬಟ್ಟೆ ಪುಕ್ಕಟೆ ಬಿಡಿಸಿಕೊಂಡೆ. ಅಂಥವನಿಗೆ ಗುಳಿಗೆ ಯಾವ ಲೆಕ್ಕ ಎಂದುಕೊಂಡಿದ್ದೆ.

ಎರಡನೆಯ ವರ್ಷವೂ ಮಳೆ ಕೈಕೊಟ್ಟ ಸಮಯ. ಬೀದರದ ಚಿದ್ರಿಯ ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ಠಾಣಾ ಕುಶನೂರಿನ ಕಮಳಾಬಾಯಿ, ಗಂಡನ ಜೊತೆ ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೊರಟಿದ್ದಳು. ದಿನಾ ನುಂಗಬೇಕಾದ ಬಿ.ಪಿ. ಗುಳಿಗೆಯನ್ನು ದುಬಾರಿ ಎಂದು ಎರಡು ದಿನಕ್ಕೊಂದು ನುಂಗಿ, ಒಂದು ಮುಂಜಾನೆ ಬಚ್ಚಲಲ್ಲೇ ತಲೆ ತಿರುಗಿ ಕುಳಿತಿದ್ದಳು. ಹೀಗೆಯೇ ಹೋಗಿ ಹತ್ತನೆಯ ಮಹಡಿಯ ಮೇಲೆ ಇಟ್ಟಿಗೆ ಹೊತ್ತರೆ ಗತಿಯೇನು? ಮಧ್ಯಾಹ್ನದ ಬಸ್ಸಿಗೆ ಮುಂಚೆ ನಾಲ್ಕು ತಿಂಗಳ ಗುಳಿಗೆ ಕೊಡಿಸೋಣವೆಂದು ಡಾಕ್ಟರ್ ಚೀಟಿ ಸಮೇತ ಕರೆದುಕೊಂಡು ಹೋದೆ.

ಅಂಗಡಿಯಲ್ಲಿ ಕನ್ನಡಕದ ಹೆಣ್ಣುಮಗಳೊಬ್ಬಳು ಕುಳಿತಿದ್ದಳು. "ನಾಕು ತಿಂಗಳದ್ದು ಒಮ್ಮಿಗೇ ತಗೋತೇನಿ. ರೇಟ್ ನೋಡಿ ಹಚ್ರಿ," ಎಂದೆ.

"ರೇಟ್ ಗುಳಿಗಿ ಪಟ್ಟಿ ಮ್ಯಾಲೇ ಬರದದ ನೋಡ್ರಿ."

"ಬರದದ್ದು ಬ್ಯಾರೆ, ಕೊಡೂದು ಬ್ಯಾರೆ."

"ನಮ್ಮಲ್ಲಿ ಎರಡೂ ಒಂದೇ ರಿ."

ನನ್ನ ಕೊನೆಯ ಅಸ್ತ್ರ ತೆಗೆದೆ: ಬೇಡವೆಂದು ಮೆಟ್ಟಿಲಿಳಿಯುವುದು. ಮೂರನೆಯ ಮೆಟ್ಟಿಲಿಗೆ ಎಂಥ ವ್ಯಾಪಾರಿಯೂ ಕರೆಯುತ್ತಾನೆ. ಅವಳೂ ಕರೆದಳು, ನನ್ನ ಹಿಂದೆ ನಿಂತಿದ್ದವನನ್ನು.

ಮರಳಿ ಪಾಳಿ ಹಚ್ಚಿ ಕೌಂಟರಿಗೆ ಬರುವಷ್ಟರಲ್ಲಿ ಕಮಳಾಬಾಯಿಯೇ ಕೈ ಹಿಂದೆಗೆದಳು. "ಬ್ಯಾಡ್ರಿ ಸಾವ್ಕಾರ್ರ. ಇಷ್ಟು ಸೋವಿ ಅಂದ್ರ ಒಳಗ ಬರೇ ಸುಣ್ಣ ಇರ್ತದ. ನಿಮ್ಮ ಗುಳಿಗಿ ದುಬಾರಿ, ಅದಕ್ಕೇ ನೀವು ಗಟ್ಟಿ ಇದ್ದೀರಿ."

ನನಗೂ ಒಳಗೊಳಗೆ ಅದೇ ಅನುಮಾನ. ಚೌಕಾಶಿ ಇಲ್ಲದೆ ಅಗ್ಗವಾದ ಮಾಲನ್ನು ನಾನು ನಂಬಿದವನೇ ಅಲ್ಲ. ಕಿಸೆಯಿಂದ ನನ್ನ ಬಿ.ಪಿ. ಗುಳಿಗೆಯ ಅರ್ಧ ಖಾಲಿಯಾದ ಪಟ್ಟಿ ತೆಗೆದು, "ಇಂಥಾದ್ದು ಇದ್ರ ಕೊಡ್ರಿ," ಎಂದೆ. ಅಂಗಡಿಯಾಕೆ ಅದರ ಹಿಂದಿನ ಸಣ್ಣ ಅಕ್ಷರ ಓದಿ, ತನ್ನ ಪಟ್ಟಿಯನ್ನು ಅದರ ಪಕ್ಕಕ್ಕಿಟ್ಟು ತೋರಿಸಿದಳು. "ಅದೇ ಔಷಧ, ಅಷ್ಟೇ ಪವರ್ ರಿ. ತಿಂಗಳದ್ದು ಎಷ್ಟಕ್ಕ ತಗೋತೀರಿ?"

"ಮಂದಿಗಿ ನೂರಾ ಹತ್ತು," ಎಂದೆ ಎದೆಯುಬ್ಬಿಸಿ, "ನನಗ ನೂರಕ್ಕ ಕೊಡ್ತಾರ."

ಪಾಳಿಯಲ್ಲಿದ್ದ ಅಜ್ಜನೊಬ್ಬ, "ಭಾರಿ ಉಳಿಸ್ಯಾರ ತಗೋರಿ," ಎಂದ. ಎಲ್ಲರೂ ನಕ್ಕರು. ಕಮಳಾಬಾಯಿ ಮಾತ್ರ ನಗಲಿಲ್ಲ.

"ಹಂಗಾದ್ರ ನೀವೂ ಇದನ್ನೇ ನುಂಗ್ರಿ. ನೀವು ನುಂಗಿದ್ರ ನಾನೂ ದಿನಾ ನುಂಗ್ತೇನಿ."

ನಾನು ಅಂದಿನ ಗುಳಿಗೆ ಇನ್ನೂ ನುಂಗಿರಲಿಲ್ಲ. ಅವಳಿಗೆ ನಾಲ್ಕು ತಿಂಗಳದ್ದು, ನನಗೆ ಒಂದು ತಿಂಗಳದ್ದು ತೆಗೆದುಕೊಂಡು, ಅವಳ ಬಾಟಲಿಯ ನೀರಿನಲ್ಲಿ ಅಲ್ಲೇ ಒಂದನ್ನು ನುಂಗಿದೆ. ಇಡೀ ಪಾಳಿ ನನ್ನ ಗಂಟಲನ್ನೇ ನೋಡುತ್ತಿತ್ತು. ನಾನು ನೆಟ್ಟಗೆ ನಿಂತಿರುವುದನ್ನು ಖಾತ್ರಿ ಮಾಡಿಕೊಂಡು ಕಮಳಾಬಾಯಿ ತನ್ನ ಪಟ್ಟಿಗಳನ್ನು ಚೀಲಕ್ಕೆ ಹಾಕಿ, ತಾನೂ ಒಂದು ನುಂಗಿ ಬಸ್ ಸ್ಟ್ಯಾಂಡಿಗೆ ನಡೆದಳು.

ಆದ್ದರಿಂದ ನಿಮಗೊಂದು ಸಲಹೆ. ಡಾಕ್ಟರರಿಂದ ಕಂಪನಿಯ ಹೆಸರಿನ ಬದಲು ಔಷಧದ ಹೆಸರನ್ನೇ ಬರೆಸಿಕೊಳ್ಳಿ. ಬದಲಿಸುವ ಮುನ್ನ ಅವರನ್ನೊಂದು ಮಾತು ಕೇಳಿ. ಹಳೆಯ ಪಟ್ಟಿಯನ್ನು ಹೊಸದರೊಂದಿಗೆ ಹೋಲಿಸಿ ನೋಡುವುದೂ ಒಳ್ಳೆಯದೇ. ಆದರೆ ಅದನ್ನು ಮನೆಯಲ್ಲಿ, ಬಾಗಿಲು ಹಾಕಿಕೊಂಡು ನೋಡಿ.