ಲಂಗರು ಹಾಕಿ ಓಡಿದ ಯುದ್ಧನೌಕೆ

ಕಲ್ಲಿದ್ದಲಿಲ್ಲದೆ, ಹಬೆಯಿಲ್ಲದೆ, ಯಾವ ಮೇಲಧಿಕಾರಿಯ ಅನುಮತಿಯೂ ಇಲ್ಲದೆ ನೀರಿನ ಮೇಲೆ ನಡೆದು ಬಂದ ಪ್ರಭುವಿಗೆ ಮೊದಲ ವಂದನೆ. ಬಿರುಗಾಳಿಯನ್ನು ಒಂದು ಮಾತಿನಿಂದ ಸುಮ್ಮನಾಗಿಸಿದ ಆತನ ಕೃಪೆ ಈ ಹಡಗಿನ ಬಡ ಪಾದ್ರಿಯ ನಾಲಗೆಯನ್ನು ಸತ್ಯದ ದಾರಿಯಲ್ಲಿ ನಡೆಸಲಿ.

ಸಾವಿರದ ಒಂಬೈನೂರ ಎರಡನೆಯ ಇಸವಿಯಲ್ಲಿ ಪೋರ್ಟ್ಸ್‌ಮತ್ ಬಂದರಿನಲ್ಲಿ ನಿಂತಿದ್ದ ನಮ್ಮ ‘ಪ್ರೂಡೆನ್ಸ್’ ಇಡೀ ನೌಕಾದಳದಲ್ಲಿಯೇ ಅತ್ಯಂತ ಬಿಳಿಯ ಯುದ್ಧನೌಕೆಯಾಗಿತ್ತು. ಇದು ದಾಖಲಾದ ಸಂಗತಿ. ಹಡಗಿನ ಬಿಳುಪು ನೋಡಿ ಕ್ಯಾಪ್ಟನ್ನರಿಗೆ ಬಡ್ತಿ ಕೊಡುವುದು ಆಗಿನ ಪದ್ಧತಿ. ನಮ್ಮ ಕ್ಯಾಪ್ಟನ್ ಸರ್ ಪೆರಿಗ್ರಿನ್ ವುಲ್ವ್‌ಸಿಯವರು ಹೆಂಡತಿಯ ತವರಿನ ಆಸ್ತಿಯನ್ನೆಲ್ಲ ಬಣ್ಣದ ಡಬ್ಬಿಗಳಾಗಿ ಪರಿವರ್ತಿಸಿದ್ದರು. ಫಿರಂಗಿ ಹಾರಿಸಿದರೆ ಗೋಡೆಗಳಿಗೆ ಮಸಿ ಹಿಡಿಯುತ್ತದೆಂದು ಅಭ್ಯಾಸದ ಗುಂಡುಗಳನ್ನು ಹಗ್ಗ ಕಟ್ಟಿ ಮೆಲ್ಲಗೆ ಸಮುದ್ರಕ್ಕೆ ಇಳಿಬಿಡುತ್ತಿದ್ದೆವು. ಕೆಳಗಿನ ಮೀನುಗಳಿಗೆ ಏಟಾಗದಿರಲೆಂದು ನಾನೊಂದು ಸಣ್ಣ ಪ್ರಾರ್ಥನೆ ಹೇಳುತ್ತಿದ್ದೆ.

ಇಂಥ ಹಡಗಿನ ಹೊಟ್ಟೆಯೊಳಗೆ ಎಂಜಿನಿಯರಾಗಿದ್ದವರು ಜೊಸಾಯ ಟ್ರೆಗೆನ್ಜಾ. ಕಾರ್ನ್‌ವಾಲಿನ ತವರದ ಗಣಿಯಲ್ಲಿ ನೀರೆತ್ತುವ ಎಂಜಿನ್ ನಡೆಸುತ್ತಿದ್ದವನ ಮಗ. ಬಾಯ್ಲರಿಗೆ ಕಿವಿಯಿಟ್ಟರೆ ಸಾಕು, ಅದಕ್ಕೆ ನೆಗಡಿಯೋ ಅಜೀರ್ಣವೋ ಹೇಳಿಬಿಡುತ್ತಿದ್ದರು. ಆದರೆ ಅವರ ತೋಳಿನ ಚಿನ್ನದ ಪಟ್ಟಿಗಳ ನಡುವೆ ಎಂಜಿನಿಯರುಗಳ ಗುರುತಾದ ನೇರಳೆ ಬಟ್ಟೆಯಿತ್ತು. ಆ ಕಾರಣಕ್ಕೆ ಊಟದ ಮೇಜಿನಲ್ಲಿ ಉಳಿದ ಅಧಿಕಾರಿಗಳು ಅವರಿಗೆ ಉಪ್ಪಿನ ಬಟ್ಟಲನ್ನು ಕೈಗೆ ಕೊಡದೆ ಫೋರ್ಕಿನಿಂದ ತಳ್ಳುತ್ತಿದ್ದರು. ಇದರಲ್ಲಿ ದ್ವೇಷವೇನೂ ಇರಲಿಲ್ಲ. ಎಣ್ಣೆ ಅಂಟೀತೆಂಬ ಎಚ್ಚರಿಕೆಯಷ್ಟೇ.

ಟ್ರೆಗೆನ್ಜಾ ಹನ್ನೊಂದು ವರ್ಷದಿಂದ ಒಂದೇ ಹುದ್ದೆಯಲ್ಲಿದ್ದರು. ಏಳು ವರ್ಷದಿಂದ ಕೆಜೈಯ ನ್ಯಾನ್‌ಕರ್ವಿಸ್ ಎಂಬ ಹೆಣ್ಣುಮಗಳಿಗೆ ಮಾತು ಕೊಟ್ಟಿದ್ದರು. ಅವಳ ತಂದೆ ಹಾಯಿಹಡಗಿನ ಕಾಲದ ಮುದಿ ಕ್ಯಾಪ್ಟನ್. “ಮುಖ್ಯ ಎಂಜಿನಿಯರ್ ಆಗಿ ಬಾ, ಆಮೇಲೆ ಮಗಳು. ಬರೀ ಒಲೆ ಊದೋನಿಗೆ ಕೊಡೋಕೆ ನನಗೇನು ಹುಚ್ಚೇ?” ಎಂದಿದ್ದ. ಬಡ್ತಿ ಸಿಗಬೇಕಾದರೆ ಪೂರ್ಣವೇಗದ ಪರೀಕ್ಷೆಯ ವರದಿ ಮಾರ್ಚ್ ಕೊನೆಯೊಳಗೆ ನೌಕಾದಳದ ಕಚೇರಿ ಮುಟ್ಟಬೇಕು. ಮುಟ್ಟದಿದ್ದರೆ, ವಯಸ್ಸು ಮೀರಿತೆಂದು ಪಟ್ಟಿಯಿಂದ ಹೆಸರೇ ಹೋಗುತ್ತದೆ. ಹೆಸರು ಹೋದರೆ ಕೆಜೈಯಳೂ ಹೋದ ಹಾಗೆಯೇ.

ಟ್ರೆಗೆನ್ಜಾ ಟೋಪಿ ಕಂಕುಳಲ್ಲಿಟ್ಟುಕೊಂಡು ನಮ್ಮ ಕ್ಯಾಪ್ಟನ್ನರ ಮುಂದೆ ನಿಂತರು. ನಾನೂ ಅಲ್ಲೇ ಚಹಾ ಕುಡಿಯುತ್ತಿದ್ದೆ.

“ಸಾರ್, ಮೂರು ವರ್ಷದಿಂದ ಎಂಜಿನ್ ಪೂರ್ತಿ ಓಡಿಲ್ಲ.”

“ಯಾಕ್ರೀ, ಕೆಟ್ಟಿದ್ಯಾ?”

“ಇಲ್ಲ ಸಾರ್. ಚೆನ್ನಾಗೇ ಇದೆ.”

“ಚೆನ್ನಾಗಿರೋದನ್ನ ಯಾಕ್ರೀ ಓಡಿಸಿ ಕೆಡಿಸ್ತೀರಾ?” ಎಂದು ಕ್ಯಾಪ್ಟನ್ ನಿಜವಾದ ಕಳಕಳಿಯಿಂದ ಕೇಳಿದರು.

ನಾನು ಮದುವೆಯ ಸಂಗತಿ ತಿಳಿಸಿದೆ. ಕ್ಯಾಪ್ಟನ್ನರದು ಮೃದು ಹೃದಯ. ಮರುದಿನವೇ ಪ್ರಕಟಣೆ ಅಂಟಿತು:

“ಈ ಮೂಲಕ ಸಂಬಂಧಪಟ್ಟವರೆಲ್ಲರಿಗೂ ತಿಳಿಯಪಡಿಸುವುದೇನೆಂದರೆ, ಪೂರ್ಣವೇಗದ ಪರೀಕ್ಷೆಗೆ ಸಂತೋಷಪೂರ್ವಕವಾಗಿ ಅನುಮತಿ ನೀಡಲಾಗಿದೆ. ಆದರೆ ಹೊಗೆ ಹೊರಡತಕ್ಕದ್ದಲ್ಲ. ಕಲ್ಲಿದ್ದಲಿನ ಧೂಳು ಏಳದಂತೆ ಅದಕ್ಕೆ ಮುಂಚಿತವಾಗಿ ಸುಣ್ಣ ಬಳಿಯತಕ್ಕದ್ದು. ಪಕ್ಕೆಗಳ ಬಣ್ಣ ಇನ್ನೂ ಹಸಿಯಿರುವುದರಿಂದ, ನೀರು ಎರಚದಂತೆ, ಪರೀಕ್ಷೆ ಮುಗಿಯುವ ತನಕ ಹಡಗು ಲಂಗರಿನಲ್ಲಿಯೇ ಇರತಕ್ಕದ್ದು.”

ಎರಡು ದಿನ ಬೆಂಕಿಯಾಳುಗಳು ಕಲ್ಲಿದ್ದಲಿನ ಉಂಡೆಗಳನ್ನು ಒಂದೊಂದಾಗಿ ಸುಣ್ಣದಲ್ಲಿ ಅದ್ದಿ ಒಣಗಿಸಿದರು. ಅವರ ಮೇಸ್ತ್ರಿ ಹೋಸ್ಕಿನ್ ಕುಂಚ ಹಿಡಿದು ಕೂತಿದ್ದ. “ಸಾಹೇಬ್ರೇ, ಮೂವತ್ತು ವರ್ಷದಿಂದ ಕಲ್ಲಿದ್ದಲು ತುಂಬ್ತಿದೀನಿ. ಮದುಮಗಳ ಹಾಗೆ ಸಿಂಗಾರ ಮಾಡಿ ಒಲೆಗೆ ಕಳಿಸ್ತಿರೋದು ಇದೇ ಮೊದಲು.”

“ಬಾಯಿ ಮುಚ್ಕೊಂಡು ಬಳಿಯಯ್ಯಾ,” ಎಂದರು ಟ್ರೆಗೆನ್ಜಾ. ಕಣ್ಣು ಮಾತ್ರ ಒದ್ದೆಯಾಗಿತ್ತು. ಸುಣ್ಣದ ಘಾಟಿರಬೇಕು.

ಪರೀಕ್ಷೆಯ ದಿನ ಬೆಂಕಿ ಹತ್ತಲಿಲ್ಲ. “ಬೆಂಕಿಗೂ ಲಿಖಿತ ಅಪ್ಪಣೆ ಬೇಕೇನೋ,” ಎಂದ ಹೋಸ್ಕಿನ್. ಹೀಗೆ ಹೊಗೆಯ ಷರತ್ತು ಕರ್ತನ ಕೃಪೆಯಿಂದ ತಾನಾಗಿಯೇ ಈಡೇರಿತು. ನಿಯಮದಂತೆ ವೇಗಮಾಪಕವನ್ನು ಹಡಗಿನ ಹಿಂದಕ್ಕೆ ಬಿಟ್ಟರು. ಅದು ಉದ್ದ ಹಗ್ಗದ ತುದಿಯಲ್ಲಿರುವ ಹಿತ್ತಾಳೆಯ ತಿರುಪು. ನೀರು ಹಾಯ್ದಂತೆ ತಿರುಗಿ ಮೈಲಿ ಎಣಿಸುತ್ತದೆ. ಆಗ ಸಮುದ್ರದ ಉಬ್ಬರ ಇಳಿಯುವ ಹೊತ್ತು. ನೀರೆಲ್ಲ, ನಿಂತ ಹಡಗಿನ ಪಕ್ಕದಿಂದ ಹಾದು, ಬಂದರಿನ ಬಾಯಿಯ ಕಡೆಗೆ ಧಾವಿಸುತ್ತಿತ್ತು.

“ಗಂಟೆಗೆ ನಾಲ್ಕೂವರೆ ಮೈಲಿ!” ಎಂದು ನಾವಿಕ ಕೂಗಿದ.

“ಭೇಷ್!” ಎಂದರು ಕ್ಯಾಪ್ಟನ್. “ಒಂದು ಹನಿ ನೀರೂ ಎರಚಲಿಲ್ಲ, ನೋಡಿದ್ರಾ ಪಾದ್ರಿಗಳೇ?”

ಟ್ರೆಗೆನ್ಜಾ ವರದಿಯನ್ನು ತುಂಬಿದರು. ವೇಗ ನಾಲ್ಕೂವರೆ, ಹೊಗೆ ಇಲ್ಲ, ಸುಟ್ಟ ಕಲ್ಲಿದ್ದಲು ಇಲ್ಲ. ಕೆಳಗೆ, ಷರಾ ಎಂಬಲ್ಲಿ, ತಮ್ಮ ಕೈಯಾರೆ ಬರೆದರು: “ಹಡಗು ಲಂಗರಿನಲ್ಲಿತ್ತು. ವೇಗ ಸಮುದ್ರದ್ದು, ನಮ್ಮದಲ್ಲ.” ಅದನ್ನು ಓದಿದ ಕ್ಯಾಪ್ಟನ್ ಸಿಟ್ಟಾಗಲಿಲ್ಲ. ಆ ಸಾಲಿನ ಮೇಲೆ ಒಂದೆಳೆ ಬಿಳಿ ಬಣ್ಣ ಎಳೆದು, ಒಣಗಲು ಕಿಟಕಿಯ ಬಳಿ ಇಟ್ಟರು.

ಟ್ರೆಗೆನ್ಜಾ ನನ್ನ ಕೋಣೆಗೆ ಬಂದರು. “ಪಾದ್ರಿಗಳೇ, ಸುಳ್ಳಿನ ಮೇಲೆ ಮದುವೆ ಆಗ್ಲಾ? ಆಗದೇ ಇದ್ರೆ ಅವಳು ಇನ್ನೆಷ್ಟು ವರ್ಷ ಕಾಯ್ಬೇಕು?”

ಇಬ್ಬರೂ ಮೊಣಕಾಲೂರಿದೆವು. ತಪಾಸಣೆಗೆ ಅಡ್ಮಿರಲ್ ಬಂದಾಗ ಸತ್ಯ ಹೇಳಿಬಿಡಿ, ಕರ್ತನು ಕೈಬಿಡನು ಎಂದೆ. ಅವರು ಹಾಗೆಯೇ ಮಾಡಿದರು.

“ಮಹಾಸ್ವಾಮಿ, ಅವತ್ತು ಹಡಗು ಒಂದಡಿಯೂ ಕದಲಲಿಲ್ಲ.”

ಅಡ್ಮಿರಲ್ ಬಿಳಿ ಕೈಗವಸಿನ ಬೆರಳನ್ನು ಗೋಡೆಯ ಮೇಲೆ ಎಳೆದು ನೋಡಿದರು. ಬೆರಳು ಬಿಳಿಯಾಗಿಯೇ ಇತ್ತು. “ಹೋದ ತಿಂಗಳು ಇನ್ನೊಂದು ಹಡಗು ಹದಿನೆಂಟು ಮೈಲಿ ವೇಗದಲ್ಲಿ ಓಡಿ ಕಟ್ಟೆಗೆ ಗುದ್ದಿತು. ನಿಮ್ಮದು ಗುದ್ದಿತಾ?”

“ಇಲ್ಲ, ಮಹಾಸ್ವಾಮಿ. ನಿಂತಿತ್ತು.”

“ಕಲ್ಲಿದ್ದಲು ಎಷ್ಟು ಖರ್ಚು?”

“ಏನೂ ಇಲ್ಲ.”

“ಮತ್ತೆ ಅಳು ಮುಖ ಯಾಕಪ್ಪ? ಇಷ್ಟು ವಿನಯದ ಎಂಜಿನಿಯರನ್ನ ನಾನು ನೋಡೇ ಇಲ್ಲ!”

ಒಂದೇ ವಾರದಲ್ಲಿ ಟ್ರೆಗೆನ್ಜಾ ಮುಖ್ಯ ಎಂಜಿನಿಯರಾದರು. ಸರ್ ಪೆರಿಗ್ರಿನ್ನರೂ ಅಡ್ಮಿರಲ್ ಆದರು. ಇನ್ನು ಮುಂದೆ ದಳದ ಎಲ್ಲ ಹಡಗುಗಳೂ ಪೂರ್ಣವೇಗದ ಪರೀಕ್ಷೆಯನ್ನು ಲಂಗರು ಹಾಕಿಯೇ ನಡೆಸತಕ್ಕದ್ದೆಂದು ಸುತ್ತೋಲೆ ಹೊರಟಿತು. ನೀರು ನಿಶ್ಚಲವಾಗಿದ್ದ ಹೊತ್ತಿನಲ್ಲಿ ಪರೀಕ್ಷೆ ನಡೆಸಿ ಸೊನ್ನೆ ಮೈಲಿ ದಾಖಲಿಸಿದ ಒಂದು ಹಡಗಿನ ಎಂಜಿನಿಯರಿಗೆ ಸೋಮಾರಿತನಕ್ಕಾಗಿ ಛೀಮಾರಿಯಾಯಿತು. ಆತ ತಪ್ಪೊಪ್ಪಿಕೊಂಡು, ಮುಂದಿನ ಸಲ ಇನ್ನೂ ಶ್ರಮಪಡುವುದಾಗಿ ಬರೆದುಕೊಟ್ಟ.

ಜೂನ್ ತಿಂಗಳಲ್ಲಿ ಮದುವೆ. ನಾನೇ ನೆರವೇರಿಸಿದೆ. ಇಗರ್ಜಿಯ ಬಾಗಿಲಲ್ಲಿ ಮುದಿ ಕ್ಯಾಪ್ಟನ್ ನ್ಯಾನ್‌ಕರ್ವಿಸ್ ಬಂದವರನ್ನೆಲ್ಲ ಹಿಡಿದು ನಿಲ್ಲಿಸುತ್ತಿದ್ದ. “ನನ್ನ ಅಳಿಯ, ಕಣ್ರೀ! ಬೆಂಕಿ ಹಚ್ಚದೆ, ಹೊಗೆಯಾಡಿಸದೆ ನಾಲ್ಕೂವರೆ ಮೈಲಿ! ನಾನು ಹಾಯಿ ಬಿಚ್ಚಿ ಓಡಿಸ್ತಿದ್ದೆ, ಇವನು ಹಾಯಿಯೂ ಇಲ್ದೆ ಓಡಿಸ್ದ. ಇವನು ನಿಜವಾದ ನಾವಿಕ!” ಎಲ್ಲರೂ ಹೌದೆಂದು ತಲೆಯಾಡಿಸಿದರು.

ಟ್ರೆಗೆನ್ಜಾ ಏನೋ ಹೇಳಲು ಬಾಯಿ ತೆರೆದರು. ಕೆಜೈಯಳು ಗಂಡನ ತೋಳನ್ನು ಮೆಲ್ಲಗೆ ಒತ್ತಿದಳು.

“ಸುಮ್ನಿರಿ ಅಂದ್ರೆ. ಏಳು ವರ್ಷ ನಿಂತಲ್ಲೇ ನಿಂತು ನಾನೂ ಇಲ್ಲಿಗೆ ಬಂದು ಮುಟ್ಟಲಿಲ್ವೇ?”

ಅವರು ಬಾಯಿ ಮುಚ್ಚಿದರು, ಗಂಟೆಗಳು ಮೊಳಗಿದವು. ಈ ಕಥೆಗೆ ಕಿವಿಗೊಟ್ಟ ನಿಮಗೆಲ್ಲ ಕರ್ತನು ಒಳ್ಳೆಯದು ಮಾಡಲಿ. ನಿಮ್ಮ ಮನೆಯ ಒಲೆಗಳು ಚೆನ್ನಾಗಿ ಉರಿಯಲಿ, ಕಾಯುವವರು ಸೇರಲಿ, ನೀವು ಹೊರಟ ಊರು ನಿಮಗೆ ಸಿಗಲಿ. ಆಮೆನ್.