ನಲವತ್ತು ಮನೆಗೆ ಒಂದೇ ಲುಂಗಿ

ನನ್ನ ಸೋದರಮಾವನಿಗೆ ಕೃತಕ ಬುದ್ಧಿಯ ಬಗ್ಗೆ ಯಾವ ತಕರಾರೂ ಇರಲಿಲ್ಲ. ಸರ್ಕಾರಿ ಕಚೇರಿಗೆ ಬುದ್ಧಿ ಬಂದರೆ ಸಾಕು, ಅಸಲಿಯೋ ನಕಲಿಯೋ ಯಾರು ಕೇಳುತ್ತಾರೆ ಎನ್ನುವ ಉದಾರಿ ಅವರು! ಭಾಲ್ಕಿಯಿಂದ ದಿನಾ ಬಸ್ಸು ಹತ್ತಿ ಔರಾದಿಗೆ ಹೋಗುವ ಗುಮಾಸ್ತ. ಬರಗಾಲದ ಆ ವರ್ಷ ಅವರ ಕಚೇರಿಗೊಂದು ಯಂತ್ರ ಬಂತು. ಮಾವ ಮನೆಗಳ ಫೋಟೊ ತೆಗೆದು ಕಳಿಸಬೇಕು. ಒಳಗೆ ಜನ ಇದ್ದಾರೋ ಇಲ್ಲವೋ ಎಂದು ಅದೇ ತೀರ್ಮಾನಿಸುತ್ತದೆ. ಇಲ್ಲ ಎಂದರೆ ರೇಷನ್ ಪಟ್ಟಿಯಿಂದ ಹೆಸರು ಹೋಯಿತು.

ಮಾವ ಅದಕ್ಕೆ 'ಸಾಹೇಬ್ರು' ಎಂದು ಹೆಸರಿಟ್ಟರು. ಕಂಪ್ಯೂಟರ್ ಶುರುವಾಗುವುದು ತಡವಾದರೆ, "ಸಾಹೇಬ್ರು ಇನ್ನ ಎದ್ದಿಲ್ರಿ, ಜರಾ ಕೂಡ್ರಿ" ಎಂದು ಬಂದವರಿಗೆ ಹೇಳುವರು. ಆಯುಧಪೂಜೆಯ ದಿನ ಕ್ಯಾಮೆರಾಕ್ಕೂ ಭಕ್ತಿಯಿಂದ ಕುಂಕುಮ ಹಚ್ಚಿದರು. ಎಲ್ಲಿ? ನೆಟ್ಟಗೆ ಅದರ ಕಣ್ಣಿಗೇ! ಮರುದಿನ ಸಾಹೇಬರು ಇಡೀ ಊರಿಗೆ ಬೆಂಕಿ ಬಿದ್ದಿದೆಯೆಂದು ವರದಿ ಕೊಟ್ಟರು. ಗಾಬರಿಯಾಗಿ ಬೀದರಿನಿಂದ ಫೋನು ಮಾಡಿದವರಿಗೆ ಮಾವ, "ನಮ್ ಕಡಿ ಬಿಸಲು ಹಂಗೇ ಕಾಣ್ತದ್ರಿ" ಎಂದರಂತೆ.

ಆಟ ಅಲ್ಲಿಗೇ ನಿಲ್ಲಲಿಲ್ಲ. ಒಂದು ಹಳ್ಳಿಯ ನಲವತ್ತು ಮನೆಯವರು ಬೀಗ ಹಾಕಿ ಪುಣೆ, ಹೈದರಾಬಾದಿಗೆ ದುಡಿಯಲು ಹೋಗಿದ್ದರು. ಬೀಗ ಕಂಡ ಸಾಹೇಬರು 'ವಾಸವಿಲ್ಲ' ಎಂದುಬಿಟ್ಟರು. ಮಾವನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ತಮ್ಮ ಚೌಕಡಿ ಲುಂಗಿ ಒಯ್ದು, ಒಂದೊಂದೇ ಬಾಗಿಲಿಗೆ ಬೀಗ ಮುಚ್ಚುವಂತೆ ಒಣಹಾಕಿ, ಹೊಸದಾಗಿ ಫೋಟೊ ಹೊಡೆದು ಕಳಿಸಿದರು. ಲುಂಗಿ ಒಣಗುತ್ತಿದೆ ಎಂದಮೇಲೆ ಉಡುವವನು ಇರಲೇಬೇಕಲ್ಲ! ಸಾಹೇಬರು ಒಪ್ಪಿದರು. ಆದರೆ ವಾರದೊಳಗೆ ಇನ್ನೊಂದು ವರದಿ ಬಂತು: ನಲವತ್ತೂ ಮನೆಯಲ್ಲಿ ವಾಸವಾಗಿರುವವನು ಒಬ್ಬನೇ!

ವಿಚಾರಣೆಗೆ ಬೀದರಿನಿಂದ ಮೇಲಧಿಕಾರಿ ಮೇಡಂ ಬಂದರು. ನೌಕರಿ ಹೋಗುವುದು ಖಾತ್ರಿ ಎಂದು ಹೆದರಿದ ಅತ್ತೆ, ಮಾವನ ಜೊತೆಗೆ ನನ್ನನ್ನು ಕಳಿಸಿದ್ದರು.

"ಇದು ಯಾರ ಮನಿರಿ?" ಮೊದಲ ಬಾಗಿಲಲ್ಲೇ ಮೇಡಂ ಕೇಳಿದರು.

ಮಾವ ಕಾಗದ ನೋಡಲಿಲ್ಲ. "ಕಾಶವ್ವಂದ್ರಿ. ಪುಣೆದಾಗ ಇಟ್ಟಂಗಿ ಹೊರ್ತಾಳ. ಹೋಗೋ ಮುಂದ ನನ್ನ ಕೈ ಹಿಡದು, 'ಅಣ್ಣಾ, ನಾವು ಇದೇ ಊರವರು ಅಂತ ಬರ್ಕೋರಿ' ಅಂದಳ್ರಿ. ಹೂಂ ಅಂದೀನಿ."

ಮುಂದಿನ ಬಾಗಿಲು. ಯಾರು, ಎಲ್ಲಿದ್ದಾರೆ, ಯಾರ ಮಗಳು ಬಸುರಿ, ಯಾರ ಮುದುಕನಿಗೆ ದಮ್ಮು... ಎಲ್ಲವೂ ಅವರ ಬಾಯಲ್ಲಿತ್ತು. ಹನ್ನೊಂದನೆಯ ಬಾಗಿಲಿಗೆ ಮೇಡಂ ಪೆನ್ನು ಮುಚ್ಚಿದರು.

"ಇಷ್ಟೆಲ್ಲಾ ಆ ಮಷೀನಿಗಿ ಹ್ಯಾಂಗ ಗೊತ್ತಾಗಬೇಕ್ರಿ?"

"ಅದು ನಮ್ಮನ್ನ ಕೇಳಬೇಕಿತ್ರಿ, ಮೇಡಂ" ಎಂದರು ಮಾವ.

ನಲವತ್ತನೆಯ ಬಾಗಿಲಿನವರೆಗೂ ಮೇಡಂ ಅವರ ಹಿಂದೆ ನಡೆದರು. ಪಟ್ಟಿಯಿಂದ ಒಂದು ಹೆಸರೂ ಹೋಗಲಿಲ್ಲ, ಮಾವನ ನೌಕರಿಯೂ ಹೋಗಲಿಲ್ಲ. ಅಷ್ಟು ವರ್ಷ ಮಾವನನ್ನು ಆಡಿಕೊಂಡು ನಕ್ಕವನು ನಾನು. ಭಾಲ್ಕಿ ಬಸ್ಸಿನಲ್ಲಿ ಅವರು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋದರು. ಅವರಿಗೆ ಎಚ್ಚರವಾಗದಿರಲೆಂದು ಊರು ಬರುವವರೆಗೂ ನಾನು ಮಿಸುಕಾಡಲಿಲ್ಲ.